ಕೊಡಗಿನ ಹಿತ್ತಲಿಗೆ ಹಣ್ಣಿನ ಪೊದೆ

ಕೊಡಗಿನ ಅತ್ಯಂತ ಪ್ರಸಿದ್ಧವಾದ ಹಣ್ಣಿನ ಪೊದೆ ಯಾವುದು ಎಂದು ಕೇಳಿದರೆ ಬಹುಮಂದಿ ತಡವರಿಸುವರು. ಉತ್ತರವೇನೋ ಅವರ ಮನೆಯ ಅಂಗಳದಿಂದಲೇ ಆರಂಭವಾಗುತ್ತದೆ, ಅದು ಕಾಫಿ. ಸಸ್ಯಶಾಸ್ತ್ರದ ದೃಷ್ಟಿಯಿಂದ ಕಾಫಿಯೂ ಒಂದು ಹಣ್ಣಿನ ಗಿಡವೇ. ಕೆಂಪಗೆ ಮಾಗಿದ ಹಣ್ಣಿನ ಸಿಹಿಯಾದ ಹೊರಭಾಗವನ್ನು ಗೊಬ್ಬರದ ಗುಂಡಿಗೆ ಸೇರಿಸಿ, ಬೀಜವನ್ನು ಮಾತ್ರ ಉಳಿಸಿಕೊಳ್ಳುವ ವಿಚಿತ್ರವಾದ ಬೇಸಾಯ ಅದು. ಗುಂಡಿ ತೋಡುವುದು, ಸಸಿ ನೆಡುವುದು, ನೆರಳನ್ನು ಹದಗೊಳಿಸುವುದು, ಚಿಗುರು ಕಿತ್ತು ಪೊದೆಯನ್ನು ಅಂಕೆಯಲ್ಲಿಡುವುದು, ಬುಡಕ್ಕೆ ತರಗೆಲೆ ಹೊದಿಸುವುದು, ಈ ವಿದ್ಯೆಗಳಲ್ಲಿ ಕೊಡಗಿನವರಿಗೆ ಸರಿಸಮಾನರು ದೇಶದಲ್ಲಿ ಹೆಚ್ಚು ಮಂದಿ ಇರಲಾರರು. ಹೀಗಿದ್ದರೂ, ತಿನ್ನುವುದಕ್ಕೆಂದೇ ಬೆಳೆಸಿದ ಹಣ್ಣಿನ ಪೊದೆ ಎಷ್ಟು ಮನೆಗಳ ಹಿತ್ತಲಿನಲ್ಲಿದೆ? ಬೆಲೆ ತೆತ್ತು ದೂರದೂರಿನ ಸೇಬನ್ನು ತರುವ ಮನೆಯ ಬೇಲಿ ಮುಳ್ಳುತಂತಿಯದಾಗಿರುತ್ತದೆ, ಇಲ್ಲವೇ ಲಂಟಾನದ್ದಾಗಿರುತ್ತದೆ. ಆ ಬೇಲಿಯ ಸ್ಥಾನದಲ್ಲಿ ಹಣ್ಣಿನ ಪೊದೆಗಳು ಬರಬೇಕು, ಮತ್ತು ಆ ಕೆಲಸವನ್ನು ವಿದ್ಯಾರ್ಥಿಗಳೇ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಯಾವ ಪೊದೆ, ಎಲ್ಲಿಂದ ತಂದದ್ದು ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳದೆ ಗುದ್ದಲಿ ಹಿಡಿಯುವುದು ಜಾಣತನವಲ್ಲ.

ಹಣ್ಣಿನ ಪೊದೆಗಳೆಂದೊಡನೆ ಇಂಗ್ಲಿಷ್ ಪುಸ್ತಕಗಳನ್ನು ಓದಿದವರಿಗೆ ನೆನಪಾಗುವುದು ರಾಸ್ಬೆರಿ, ಬ್ಲ್ಯಾಕ್ ಕರಂಟ್, ಗೂಸ್‌ಬೆರಿಗಳು. ಇಂಗ್ಲೆಂಡಿನ ಪಟ್ಟಣಿಗರು ಬಾಡಿಗೆಗೆ ಹಿಡಿದ ಸಣ್ಣ ತುಂಡು ನೆಲದಲ್ಲಿ ಇವುಗಳನ್ನು ಬಹು ಪ್ರೀತಿಯಿಂದ ಬೆಳೆಸುತ್ತಾರೆ. (ನಮ್ಮಲ್ಲಿ ಬ್ಲ್ಯಾಕ್ ಕರಂಟ್ ಎಂಬುದು ಐಸ್‌ಕ್ರೀಮಿನ ಹೆಸರಾಗಿ ಮನೆಮಾತಾಗಿದೆ, ಅದರ ಗಿಡವನ್ನು ಕಂಡವರು ನೂರಕ್ಕೊಬ್ಬರೂ ಇರಲಾರರು.) ಮಡಿಕೇರಿಯ ಚಳಿಯನ್ನೂ ಮಂಜನ್ನೂ ನೋಡಿದವರು, ‘ಈ ಗಿಡಗಳು ಇಲ್ಲಿ ಏಕೆ ಬರಬಾರದು?’ ಎಂದು ಕೇಳುವುದುಂಟು. ಕೇಳಲು ನ್ಯಾಯವಾಗಿಯೇ ಕಾಣುವ ಈ ಪ್ರಶ್ನೆಗೆ ಗಿಡದ ಮೊಗ್ಗುಗಳೇ ಉತ್ತರ ಕೊಡುತ್ತವೆ.

ಶೀತದೇಶದ ಗಿಡವು ಶರತ್ಕಾಲದಲ್ಲಿ ಎಲೆಯುದುರಿಸಿ ನಿದ್ರೆಗೆ ಹೋಗುತ್ತದೆ. ಆ ನಿದ್ರೆಯಿಂದ ಅದು ಏಳಬೇಕಾದರೆ ಕೇವಲ ಬಿಸಿಲು ಬಂದರೆ ಸಾಲದು. ಅದಕ್ಕೆ ಮುಂಚೆ ಸಾಕಷ್ಟು ಚಳಿ ಕಳೆದಿರಬೇಕು. ಮೊಗ್ಗುಗಳ ಒಳಗೆ ಬೆಳೆವಣಿಗೆಯನ್ನು ತಡೆಹಿಡಿದಿರುವ ರಾಸಾಯನಿಕ ವ್ಯವಸ್ಥೆ ಸಡಿಲಗೊಳ್ಳುವುದು ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಉಷ್ಣತೆಯಲ್ಲಿ ನೂರಾರು ಗಂಟೆ ಕಳೆದ ಬಳಿಕ. ರಾಸ್ಬೆರಿ ಮತ್ತು ಬ್ಲ್ಯಾಕ್ ಕರಂಟಿನ ಸಾಮಾನ್ಯ ತಳಿಗಳಿಗೆ ಇಂಥ ಚಳಿಯ ಗಂಟೆಗಳು ಎಂಟುನೂರರಿಂದ ಸಾವಿರಕ್ಕೂ ಮಿಕ್ಕಿ ಬೇಕಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಜನವರಿಯ ರಾತ್ರಿಯಲ್ಲೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಕಂಬಳಿ ಹೊದೆಯುವ ನಮಗೆ ಅದು ಚಳಿ. ಕರಂಟ್ ಗಿಡದ ಲೆಕ್ಕದಲ್ಲಿ ಶೂನ್ಯ. ಅಂಥ ಗಿಡವನ್ನು ಇಲ್ಲಿ ನೆಟ್ಟರೆ ಅದು ಸಾಯಬೇಕೆಂದಿಲ್ಲ. ಅಲ್ಲೊಂದು ಇಲ್ಲೊಂದು ಮೊಗ್ಗು ಒಡೆದು, ಹೂ ಬಿಡಲೋ ಬೇಡವೋ ಎಂದು ಅರೆನಿದ್ರೆಯಲ್ಲಿಯೇ ವರ್ಷಗಳನ್ನು ಕಳೆಯುತ್ತದೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ರಾಸ್ಬೆರಿಯ ಕುಲವಾದ ರೂಬಸ್ ಬಹು ದೊಡ್ಡದು. ಅದರ ಕೆಲವು ಶಾಖೆಗಳು ನಮ್ಮ ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳಲ್ಲಿಯೇ, ಕಾಡಿನ ಅಂಚಿನಲ್ಲಿ, ರಸ್ತೆ ಬದಿಯ ದಿಬ್ಬಗಳಲ್ಲಿ ತಾವಾಗಿ ಬೆಳೆದಿವೆ. ಅವುಗಳಲ್ಲಿ ಎರಡನ್ನು ವಿದ್ಯಾರ್ಥಿಗಳು ಸುಲಭವಾಗಿ ಗುರುತಿಸಬಹುದು. ಮೊದಲನೆಯದು ರೂಬಸ್ ಎಲಿಪ್ಟಿಕಸ್: ಮೂರು ಎಲೆಗಳ ಗೊಂಚಲು, ಕಾಂಡದ ತುಂಬ ಕೆಂಗಂದಿನ ಬಿರುಗೂದಲು, ಹಳದಿ ಹಣ್ಣು. ಎರಡನೆಯದು ರೂಬಸ್ ನೀವಿಯಸ್. ‘ನೀವಿಯಸ್’ ಎಂದರೆ ಹಿಮದಂತೆ ಬಿಳಿಯಾದುದು ಎಂದರ್ಥ. ಇದರ ಎಳೆಯ ಕೋಲುಗಳ ಮೇಲೆ ಸುಣ್ಣ ಸವರಿದಂತೆ ಬಿಳಿಯ ಲೇಪ ಕಾಣುತ್ತದೆ. ಹಣ್ಣು ಮೊದಲು ಕೆಂಪಾಗಿ, ಪೂರ್ಣ ಮಾಗಿದಾಗ ಕಪ್ಪು ನೇರಳೆಯಾಗುತ್ತದೆ.

ಈ ಎರಡನೆಯ ಗಿಡದ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಹೊರದೇಶದ ತೋಟಗಾರರು ಅದನ್ನು ಕರೆಯುವುದು ‘ಮೈಸೂರ್ ರಾಸ್ಬೆರಿ’ ಎಂದು! ಅಮೆರಿಕದ ಫ್ಲಾರಿಡಾದ ಉಷ್ಣಪ್ರದೇಶಗಳಲ್ಲಿ ಐರೋಪ್ಯ ರಾಸ್ಬೆರಿ ಬೆಳೆಯುವುದಿಲ್ಲ, ಕಾರಣ ಆಗಲೇ ಹೇಳಿದ ಚಳಿಯ ಕೊರತೆ. ಅಲ್ಲಿನ ಜನ ತಮ್ಮ ಹಿತ್ತಲಿನಲ್ಲಿ ಬೆಳೆಸಿಕೊಂಡದ್ದು ಈ ಮೈಸೂರಿನ ಹೆಸರಿನ ಹಣ್ಣನ್ನು. ಅದರ ಹೆಸರಿನ ನಾಡಿನಲ್ಲಾದರೋ ಅದನ್ನು ನೆಟ್ಟು ಬೆಳೆಸುವವರು ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಹಿತ್ತಲಿನ ಗಿಡ ಮದ್ದಲ್ಲವೆಂಬ ಗಾದೆ ಹಣ್ಣಿಗೂ ಸಲ್ಲುತ್ತದೆ ಎನ್ನಬೇಕು.

ಇದು ಪೇಟೆಗೆ ಬಾರದಿರಲು ಕಾರಣವೇನು? ರಾಸ್ಬೆರಿಯ ಒಂದು ಹಣ್ಣೆಂದು ನಾವು ಕರೆಯುವುದು ಹತ್ತಾರು ಪುಟ್ಟ ಹಣ್ಣುಗಳ ಗುಂಪು. ಒಂದೇ ಹೂವಿನ ಅನೇಕ ಅಂಡಾಶಯಗಳು ಒಂದೊಂದೂ ರಸದ ಮಣಿಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಿತ್ತಾಗ ನಡುವಿನ ದಿಂಡು ಗಿಡದಲ್ಲಿಯೇ ಉಳಿದು, ಹಣ್ಣು ಟೊಪ್ಪಿಗೆಯಂತೆ ಟೊಳ್ಳಾಗಿ ಕೈಗೆ ಬರುತ್ತದೆ. ಇಂಥ ಹಣ್ಣು ಒಂದು ದಿನದಲ್ಲಿ ಕುಸಿದು ರಸವಾಗುತ್ತದೆ. ಬುಟ್ಟಿಯಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿದರೆ ಮೈಸೂರು ಮುಟ್ಟುವುದರೊಳಗೆ ಪಾನಕವೇ. ಮಾರುಕಟ್ಟೆಯು ಆರಿಸಿಕೊಳ್ಳುವುದು ಪೆಟ್ಟು ತಾಳುವ ಹಣ್ಣನ್ನು, ರುಚಿಯಾದ ಹಣ್ಣನ್ನಲ್ಲ. ಆದ್ದರಿಂದಲೇ ಕೆಲವು ಹಣ್ಣುಗಳಿಗೆ ಹಿತ್ತಲೇ ಸರಿಯಾದ ಸ್ಥಾನ ಎಂದು ನಾನು ವಾದಿಸುವುದು. ಗಿಡದಿಂದ ಬಾಯಿಗೆ ನಾಲ್ಕು ಹೆಜ್ಜೆಯ ಪ್ರಯಾಣವನ್ನು ಅವು ಸುಖವಾಗಿ ಮುಗಿಸಬಲ್ಲವು.

ಇದರ ಬೇಸಾಯವೂ ಸರಳವೇ. ಅದರ ಬಾಳ್ವೆಯ ಕ್ರಮವನ್ನು ಮಾತ್ರ ತಿಳಿದಿರಬೇಕು. ಬೇರು ಬಹುಕಾಲ ಬದುಕುತ್ತದೆ. ನೆಲದಿಂದೇಳುವ ಕೋಲುಗಳ ಆಯುಸ್ಸು ಚಿಕ್ಕದು. ಬುಡದಿಂದ ಎದ್ದ ಕೋಲು ಮೊದಲು ಎತ್ತರಕ್ಕೆ ಬೆಳೆಯುತ್ತದೆ, ಆ ಬಳಿಕ ಪಕ್ಕದ ಕವಲುಗಳಲ್ಲಿ ಹೂ ಹಣ್ಣು ಕೊಡುತ್ತದೆ, ಅನಂತರ ಒಣಗುತ್ತದೆ. ಫಲ ಮುಗಿದ ಕೋಲನ್ನು ನೆಲದ ಮಟ್ಟಕ್ಕೆ ಕತ್ತರಿಸಿಬಿಡಬೇಕು. ಹೊಸ ಕೋಲುಗಳಲ್ಲಿ ಐದಾರನ್ನು ಉಳಿಸಿ ಎರಡು ಸಾಲು ತಂತಿಗೆ ಕಟ್ಟಬೇಕು. ಕತ್ತರಿಸಲು ಮರುಗಿ ಎಲ್ಲವನ್ನೂ ಬಿಟ್ಟವನಿಗೆ ಎರಡೇ ವರ್ಷದಲ್ಲಿ ಮುಳ್ಳಿನ ಕೋಟೆ ಸಿದ್ಧವಾಗುತ್ತದೆ, ಹಣ್ಣು ಅದರೊಳಗೆ ಹಕ್ಕಿಗಳ ಪಾಲಾಗುತ್ತದೆ. ಕೋಲಿನ ತುದಿ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಡುವುದು ಈ ಗಿಡದ ಸ್ವಭಾವ. ಹೊಸ ಗಿಡ ಬೇಕಾದರೆ ತುದಿಯನ್ನು ಮಣ್ಣಿನಲ್ಲಿ ಹುಗಿದು, ಬೇರೂರಿದ ಮೇಲೆ ಕತ್ತರಿಸಿ ತೆಗೆದರಾಯಿತು.

ನೆಡುವ ಕಾಲದ ವಿಷಯದಲ್ಲಿ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಡಬೇಕು. ಗಿಡ ನಿದ್ರಿಸುತ್ತಿರುವಾಗ, ನವೆಂಬರಿನಿಂದ ಮಾರ್ಚಿಯ ಒಳಗೆ, ಬೇರಿಗೆ ಮಣ್ಣಿಲ್ಲದಂತೆ ಕಿತ್ತು ನೆಡು ಎಂದು ಅದು ಹೇಳುತ್ತದೆ. ಕೊಡಗಿನಲ್ಲಿ ಆ ತಿಂಗಳುಗಳು ಒಣ ತಿಂಗಳುಗಳು. ಇಲ್ಲಿ ಗುಂಡಿಯನ್ನು ಬೇಸಗೆಯಲ್ಲಿ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿದಾಗ ಬೇರಿನ ಮಣ್ಣು ಕದಡದಂತೆ ಸಸಿ ನೆಡುವುದೇ ಕ್ರಮ. ಮತ್ತೊಂದು ವ್ಯತ್ಯಾಸ ಇನ್ನೂ ಮುಖ್ಯವಾದುದು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ತಗ್ಗಾದ ಗುಂಡಿಯಲ್ಲಿ ನೆಟ್ಟ ಗಿಡ ಬಾವಿಯಲ್ಲಿ ನೆಟ್ಟಂತೆಯೇ. ಫೈಟಾಫ್ತೊರ ಎಂಬ ಬೇರುಕೊಳೆಯ ಜೀವಿಯ ಬೀಜಕಗಳು ನೀರಿನಲ್ಲಿ ಈಜಬಲ್ಲವು. ನಿಂತ ನೀರೆಂದರೆ ಅವಕ್ಕೆ ರಾಜಮಾರ್ಗ. ಆದಕಾರಣ ಒಂದೂವರೆ ಅಡಿಯ ಗುಂಡಿಯನ್ನು ಮೇಲ್ಮಣ್ಣು ಮತ್ತು ಕಳಿತ ಗೊಬ್ಬರದಿಂದ ತುಂಬಿ, ನೆಲದ ಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಣ್ಣೆ ಮಾಡಿ, ಅದರ ನೆತ್ತಿಯಲ್ಲಿ ಸಸಿಯನ್ನಿರಿಸಬೇಕು. ಪೂರ್ವದ ಕುಶಾಲನಗರದ ಕಡೆ ಮಳೆ ಬಹಳ ಕಡಮೆ. ಅಲ್ಲಿನವರಿಗೆ ಈ ಎಚ್ಚರಿಕೆ ಇಷ್ಟು ಬೇಡ, ಬೇಸಗೆಯಲ್ಲಿ ನೀರಿನ ಚಿಂತೆಯೇ ಹೆಚ್ಚು.

ಈಗ ಎರಡನೆಯ ಪ್ರಶ್ನೆಗೆ ಬರೋಣ: ಸಸಿ ಎಲ್ಲಿಂದ ಬರಬೇಕು? ಇದನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೊಡಗಿನ ಕಿತ್ತಳೆ ಕಲಿಸಿದೆ. ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ, ಸುಲಭವಾಗಿ ಸಿಪ್ಪೆ ಬಿಡುವ, ಹುಳಿ ಸಿಹಿಗಳ ಹದವಾದ ಬೆರಕೆಯ ಆ ಹಣ್ಣು ಇಂದು ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ; ಆದರೆ ಮರಗಳೇ ವಿರಳವಾಗಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೋಟ ತೋಟಗಳೇ ತುದಿಯಿಂದ ಒಣಗುತ್ತ ಬಂದವು. ಇದಕ್ಕೆ ಒಂದೇ ಕಾರಣವೆನ್ನಲಾಗದು. ಬೇರುಕೊಳೆ, ಗಿಡಹೇನು ಹರಡುವ ಟ್ರಿಸ್ಟೆಝ ವೈರಸ್, ಪೋಷಕಾಂಶಗಳ ಕೊರತೆ, ಆರೈಕೆಯ ಅಲಕ್ಷ್ಯ, ಎಲ್ಲವೂ ಸೇರಿದವು. ಅವುಗಳಲ್ಲಿ ಅತಿ ಕ್ರೂರವಾದದ್ದು ‘ಗ್ರೀನಿಂಗ್’ ಎಂಬ ಹಸುರುರೋಗ.

ಈ ರೋಗದ ಪತ್ತೆಯ ಕಥೆ ವಿಜ್ಞಾನದ ವಿದ್ಯಾರ್ಥಿಗಳು ಓದತಕ್ಕದ್ದು. ಎಲೆ ಹಳದಿಯಾಗುವುದನ್ನು ಕಂಡು ಬಹುಕಾಲ ಎಲ್ಲರೂ ಸತುವಿನ ಕೊರತೆಯೆಂದೇ ಭಾವಿಸಿದ್ದರು. ಚೀನದ ಲಿನ್ ಕುಂಗ್ ಷಿಯಾಂಗ್ 1956ರಲ್ಲಿ ಅದು ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆಂದು ತೋರಿಸಿದ. ಕಸಿಯಲ್ಲಿ ದಾಟುವುದು ಕೊರತೆಯಾಗಿರಲಾರದು, ಸೋಂಕಾಗಿರಬೇಕು. 1965ರಲ್ಲಿ ದಕ್ಷಿಣ ಆಫ್ರಿಕದ ಮೆಕ್‌ಲೀನ್ ಮತ್ತು ಓಬರ್‌ಹೋಲ್ಜರ್, ಸಿಲ್ಲಿಡ್ ಎಂಬ ಪುಟ್ಟ ರಸಹೀರುವ ಕೀಟ ಇದನ್ನು ಹರಡುತ್ತದೆ ಎಂದು ಸಿದ್ಧಪಡಿಸಿದರು. 1966ರಲ್ಲಿ ಆಸ್ಟ್ರೇಲಿಯದ ಲಿಲಿಯನ್ ಫ್ರೇಸರ್ ಭಾರತೀಯ ವಿಜ್ಞಾನಿಗಳೊಡನೆ ಸೇರಿ, ಭಾರತದ ಕಿತ್ತಳೆ ಜಾತಿಯ ಮರಗಳು ಒಣಗುವುದಕ್ಕೂ ಇದೇ ಕಾರಣವಿರಬೇಕೆಂದು ಪ್ರಕಟಿಸಿದರು. ಆಗ ಅದನ್ನು ವೈರಸ್ ಎಂದು ತಿಳಿದಿದ್ದರು. 1970ರಲ್ಲಿ ಫ್ರಾನ್ಸಿನ ಲಾಫ್ಲೆಷ್ ಮತ್ತು ಬೋವೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರೋಗಿಯ ಎಲೆಯ ಆಹಾರನಾಳಗಳೊಳಗೆ ಜೀವಕಣಗಳನ್ನು ಕಂಡರು. ಅದೊಂದು ಬ್ಯಾಕ್ಟೀರಿಯವೆಂದು ಮುಂದೆ ಸ್ಥಿರಪಟ್ಟಿತು. ಅದು ನಾಳವನ್ನು ಕೆಡಿಸಿ ಎಲೆಯ ಸಕ್ಕರೆ ಬೇರಿಗೆ ಹೋಗದಂತೆ ಮಾಡುತ್ತದೆ. ಬೇರು ಹಸಿವಿನಿಂದ ಸಾಯುತ್ತದೆ. ಹಣ್ಣು ಸಣ್ಣದಾಗಿ, ತಳದಲ್ಲಿ ಹಸುರಾಗಿಯೇ ಉಳಿಯುತ್ತದೆ. ಸತುವಿನ ಕೊರತೆಯಲ್ಲಿ ನಡುನರದ ಎರಡು ಪಕ್ಕವೂ ಒಂದೇ ಬಗೆಯಾಗಿ ಹಳದಿಯಾದರೆ, ಈ ರೋಗದಲ್ಲಿ ಎಡಕ್ಕೂ ಬಲಕ್ಕೂ ಹೊಂದಿಕೆಯಿಲ್ಲದ ಮಚ್ಚೆಗಳು ಕಾಣುತ್ತವೆ. ಈ ವ್ಯತ್ಯಾಸವನ್ನು ಯಾವ ವಿದ್ಯಾರ್ಥಿಯಾದರೂ ಬರಿಗಣ್ಣಿನಿಂದ ನೋಡಬಹುದು. ತೋಟದಲ್ಲಿ ಈ ರೋಗವನ್ನು ವಾಸಿಮಾಡುವ ನೆಚ್ಚಬಹುದಾದ ಔಷಧಿ ಇಂದಿಗೂ ಇಲ್ಲ.

ರೋಗವನ್ನು ನೆರೆಯ ಮರಕ್ಕೆ ಒಯ್ದದ್ದು ಕೀಟವಾದರೆ, ಊರಿಂದೂರಿಗೆ ಒಯ್ಯಬಲ್ಲವನು ಮನುಷ್ಯ, ಕಸಿಯ ಕಡ್ಡಿಯ ಮೂಲಕ. ರೋಗಿಯಾದ ಮರದಿಂದ ಕಡ್ಡಿ ಕೊಯ್ದು ನೂರು ಸಸಿ ಮಾಡಿದರೆ ನೂರೂ ಹುಟ್ಟುರೋಗಿಗಳೇ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ, ತಾಯಿಮರ ಯಾವುದೆಂದು ಮಾರುವವನಿಗೇ ತಿಳಿಯದ ಸಸಿಯನ್ನು ತಂದು ನೆಡುವುದು ನನಗೆ ಸಮ್ಮತವಿಲ್ಲದಿರುವುದು ಇದಕ್ಕಾಗಿ. ಕಿತ್ತಳೆಯ ವಿಷಯದಲ್ಲಿ ಪ್ರಕೃತಿಯೇ ಒಂದು ಹಾದಿ ತೋರಿಸಿದೆ. ಅದರ ಒಂದೊಂದು ಬೀಜದಲ್ಲಿ ಹಲವು ಭ್ರೂಣಗಳಿರುತ್ತವೆ. ಪರಾಗಸಂಪರ್ಕದಿಂದ ಹುಟ್ಟಿದ ಭ್ರೂಣದ ಜೊತೆಗೆ ಬೆಳೆಯುವ ಉಳಿದವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಗುಣದಲ್ಲಿ ತಾಯಿಯ ಪ್ರತಿರೂಪ. ಈ ಬೀಜಸಸಿಗಳಿಗೆ ತಾಯಿಯ ವೈರಸ್‌ಗಳು ಸಾಮಾನ್ಯವಾಗಿ ಅಂಟುವುದಿಲ್ಲ. ಕಸಿಗಿಡ ಮೂರು ನಾಲ್ಕು ವರ್ಷಕ್ಕೆ ಫಲಕ್ಕೆ ಬಂದರೆ ಬೀಜದ ಮರ ಏಳೆಂಟು ವರ್ಷ ಕಾಯಿಸುತ್ತದೆ ಎಂಬುದೊಂದೇ ತೊಡಕು. ಕಾಯಲಾರದವರು ಪರೀಕ್ಷಿಸಿದ ತಾಯಿಮರಗಳಿರುವ ಸಂಸ್ಥೆಗಳಿಂದ ಕಸಿ ತರಲಿ. ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯ ಕೇಂದ್ರವೊಂದು ಚೆಟ್ಟಳ್ಳಿಯಲ್ಲಿಯೇ ಇದೆ, ಅದರ ಕೃಷಿ ವಿಜ್ಞಾನ ಕೇಂದ್ರ ಗೋಣಿಕೊಪ್ಪಲಿನಲ್ಲಿದೆ. ನೆಟ್ಟ ಕಿತ್ತಳೆಯ ಪಕ್ಕದಲ್ಲೇ ಕರಿಬೇವಿನ ಗಿಡವನ್ನು ಮಾತ್ರ ಬೆಳೆಸಬಾರದು. ಬಾಲವನ್ನು ಮೇಲೆತ್ತಿ ಕುಳಿತುಕೊಳ್ಳುವ ಆ ಸಿಲ್ಲಿಡ್ ಕೀಟಕ್ಕೆ ಕರಿಬೇವಿನ ಚಿಗುರು ಬಹಳ ಇಷ್ಟ.

ಇನ್ನು, ‘ಹೊಸ ಹೊಸ ವಿದೇಶೀ ಹಣ್ಣಿನ ಗಿಡಗಳು ಬರುತ್ತಿವೆಯಲ್ಲ, ಅವನ್ನೇಕೆ ನೆಡಬಾರದು?’ ಎಂಬ ಪ್ರಶ್ನೆ. ಎಲ್ಲವನ್ನೂ ಬೇಡವೆನ್ನುವವನು ನಾನಲ್ಲ. ಕಾಫಿಯೇ ಹೊರಗಿನಿಂದ ಬಂದ ಗಿಡ. ಚೆಟ್ಟಳ್ಳಿಯ ಕೇಂದ್ರವು ನೇರಳೆ ಮತ್ತು ಹಳದಿ ಪ್ಯಾಷನ್ ಹಣ್ಣುಗಳನ್ನು ಕೂಡಿಸಿ ‘ಕಾವೇರಿ’ ಎಂಬ ಒಳ್ಳೆಯ ತಳಿಯನ್ನು ಕೊಟ್ಟಿದೆ. ಆ ಬಳ್ಳಿ ಯಾವ ಬೇಲಿಗಾದರೂ ಶೋಭೆ. ಆದರೆ ಹಕ್ಕಿ ತಿಂದು ಬೀಜ ಹರಡುವ ಪೊದೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಲಂಟಾನವು ಅಂದವಾದ ಹೂವಿನ ಗಿಡವೆಂದು ಸುಮಾರು ಎರಡು ಶತಮಾನಗಳ ಹಿಂದೆ ಭಾರತಕ್ಕೆ ಬಂದಿತು. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದವು. ಇಂದು ನಾಗರಹೊಳೆಯ ಕಾಡಿನೊಳಗೆ ಹುಲ್ಲನ್ನೂ ಮರಸಸಿಗಳನ್ನೂ ಮೇಲೇಳಗೊಡದೆ ಅದು ಹಬ್ಬಿದೆ. ಹವಾಯಿ ಮತ್ತು ಮಾರಿಷಸ್ ದ್ವೀಪಗಳ ಕಾಡನ್ನು ಸ್ಟ್ರಾಬೆರಿ ಸೀಬೆ ಎಂಬ ಸೊಗಸಾದ ಹಣ್ಣಿನ ಗಿಡ ಹೀಗೆಯೇ ನುಂಗಿದೆ.

ಇಷ್ಟರಲ್ಲಿ ಜಾಣ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ನಾನು ಹೊಗಳಿದ ರೂಬಸ್ ಗಿಡಗಳೇ ಅನ್ಯದೇಶಗಳಲ್ಲಿ ಇದೇ ಅಪರಾಧವನ್ನು ಮಾಡಿವೆಯಲ್ಲ? ಮಾಡಿವೆ. ಹವಾಯಿಯಲ್ಲಿ ಹಳದಿ ರೂಬಸ್ ಕಾಡಿನ ಪಿಡುಗು. ಗ್ಯಾಲಪಗಾಸ್ ದ್ವೀಪಗಳಲ್ಲಿ ನಮ್ಮ ‘ಮೈಸೂರ್ ರಾಸ್ಬೆರಿ’ ಆಳೆತ್ತರವನ್ನು ಮೀರಿದ ಪೊದೆಯಾಗಿ, ಬೇರೆಲ್ಲೂ ಇಲ್ಲದ ಸ್ಕಲೇಸಿಯ ಮರಗಳ ಕಾಡನ್ನೇ ಅದುಮುತ್ತಿದೆ. ಅದರ ಬೀಜಗಳು ಮಣ್ಣಿನಲ್ಲಿ ಅಪಾರ ಸಂಖ್ಯೆಯಲ್ಲಿ ಕಾದು ಕುಳಿತಿರುವುದರಿಂದ, ಕಿತ್ತಷ್ಟೂ ಮತ್ತೆ ಹುಟ್ಟುತ್ತದೆ. ಒಂದೇ ಗಿಡ ಇಲ್ಲಿ ಸಾಧು, ಅಲ್ಲಿ ದುಷ್ಟ ಏಕಾಯಿತು? ತವರಿನಲ್ಲಿ ಅದರೊಡನೆಯೇ ವಿಕಾಸಗೊಂಡ ಕೀಟಗಳು, ಬೂಷ್ಟುಗಳು, ಅದನ್ನು ಮೇಯುವ ಪ್ರಾಣಿಗಳು, ಅದರೊಡನೆ ಪೈಪೋಟಿಗಿಳಿಯುವ ಗಿಡಗಳು ಇವೆ. ದೂರದ ದ್ವೀಪಕ್ಕೆ ಗಿಡ ಮಾತ್ರ ಹೋಗುತ್ತದೆ, ಅದರ ವೈರಿಗಳು ಹೋಗುವುದಿಲ್ಲ. ಇದೊಂದೇ ಪೂರ್ಣ ವಿವರಣೆಯಲ್ಲದಿದ್ದರೂ ಮುಖ್ಯವಾದ ವಿವರಣೆ. ಆದ್ದರಿಂದ ನನ್ನ ವಾದವು ಈ ಗಿಡವನ್ನು ಎಲ್ಲೆಡೆ ಹರಡಬೇಕೆಂದಲ್ಲ, ಅದು ಹುಟ್ಟಿ ಬೆಳೆದ ಘಟ್ಟದ ನಾಡಿನಲ್ಲಿ ಅದಕ್ಕೆ ಹಿತ್ತಲಿನೊಳಗೆ ಜಾಗ ಕೊಡಬೇಕೆಂದು. ಅದನ್ನು ತರಲು ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಗಳ ಅಭಯಾರಣ್ಯಕ್ಕೆ ಗುದ್ದಲಿ ಹೊತ್ತು ಹೋಗುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ತೋಟದ ಅಂಚಿನ ಪೊದೆಯಿಂದ ಒಂದು ಹಿಡಿ ಹಣ್ಣಿನ ಬೀಜ ಸಾಕು.

ಮುಳ್ಳಿನ ಬೇಲಿಯೇ ಬೇಕೆನ್ನುವವರಿಗೆ ಕರಂಡೆಗಿಂತ ಯೋಗ್ಯವಾದುದಿಲ್ಲ. ಕವಲೊಡೆದ ಗಟ್ಟಿ ಮುಳ್ಳು, ವರ್ಷವಿಡೀ ಹಸುರು, ಉಪ್ಪಿನಕಾಯಿಗೆ ಹೇಳಿಮಾಡಿಸಿದ ಕಾಯಿ, ಪೆಕ್ಟಿನ್ ಇರುವುದರಿಂದ ಸಲೀಸಾಗಿ ಗಟ್ಟಿಗೊಳ್ಳುವ ಜೆಲ್ಲಿ. ಬೀಜದ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ, ಹಣ್ಣಿನಿಂದ ತೆಗೆದೊಡನೆ ಒಟ್ಲು ಹಾಕಬೇಕು. ಮುಳ್ಳು ಬೇಡದವರಿಗೆ ಹಿಪ್ಪುನೇರಳೆ ಉಂಟು. ರೇಷ್ಮೆಹುಳುವಿನ ಮೇವೆಂದೇ ನಾವು ಅದನ್ನು ಬಗೆದು ಹಣ್ಣನ್ನು ಮರೆತಿದ್ದೇವೆ. ಪೆನ್ಸಿಲಿನಷ್ಟು ದಪ್ಪದ, ಮೂರು ನಾಲ್ಕು ಕಣ್ಣುಗಳುಳ್ಳ ಬಲಿತ ಕಡ್ಡಿಯನ್ನು ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತದೆ. ವಿದ್ಯಾರ್ಥಿಯ ಪ್ರಥಮ ಪ್ರಯೋಗಕ್ಕೆ ಇದಕ್ಕಿಂತ ಉದಾರವಾದ ಗಿಡ ನನಗೆ ತಿಳಿಯದು.

ಆನೆಯ ಮಾತನ್ನೂ ಆಡಲೇಬೇಕು. ಹಲಸು ಮಾಗಿದ ಕಾಲದಲ್ಲಿ ಆನೆಗಳು ತೋಟಗಳಿಗೆ ನುಗ್ಗುವುದು ಕೊಡಗಿನವರ ಪ್ರಾಣಭಯದ ಸಂಗತಿ. ಹಲಸಿನ ಮರವನ್ನೇ ಕಡಿದವರೂ ಇದ್ದಾರೆ. ಮನೆಯ ಹತ್ತಿರ ದೊಡ್ಡ ಹಣ್ಣಿನ ಮರ ಬೇಡವೆನ್ನುವ ಇಂಥ ಕುಟುಂಬಗಳಿಗೆ ಸಣ್ಣ ಹಣ್ಣಿನ ಪೊದೆಗಳು ಒಂದು ಮಧ್ಯಮಾರ್ಗ. ಅವುಗಳ ಸುವಾಸನೆ ಅಷ್ಟು ದೂರ ಹರಡದು, ಫಲವೂ ಒಮ್ಮೆಗೇ ರಾಶಿ ಬೀಳದು. ಆನೆ ಬರುವುದೇ ಇಲ್ಲವೆಂದು ಭರವಸೆ ಕೊಡಲು ಮಾತ್ರ ಯಾರಿಂದಲೂ ಆಗದು. ಹಾಗೆಯೇ 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಬಳಿಕ, ಇಳಿಜಾರಿನಲ್ಲಿ ಗಿಡ ನೆಟ್ಟರೆ ಗುಡ್ಡ ಜಾರದೆಂದು ಹೇಳುವವರಿದ್ದಾರೆ. ಪೊದೆಯ ಬೇರು ಮೇಲಿನ ಒಂದೆರಡು ಅಡಿ ಮಣ್ಣನ್ನು ಹಿಡಿದು ಕೊಚ್ಚಿಹೋಗದಂತೆ ಮಾಡಬಲ್ಲದು. ಹತ್ತಾರು ಅಡಿ ಆಳದಲ್ಲಿ ನೀರು ತುಂಬಿ ಜಾರುವ ಗುಡ್ಡವನ್ನು ಅದು ತಡೆಯಲಾರದು. ಅಂಥ ಕಡೆ ಮನೆಗಾಗಿ ಗುಡ್ಡವನ್ನು ಲಂಬವಾಗಿ ಕೊಯ್ಯದಿರುವುದೇ ಔಷಧ.

ಕೊಡಗಿನ ಪ್ರೌಢಶಾಲೆಗಳೂ ಕಾಲೇಜುಗಳೂ ತಮ್ಮ ಆವರಣದ ಒಂದು ಪಕ್ಕದ ತಂತಿಬೇಲಿಯನ್ನಾದರೂ ಈ ಕೆಲಸಕ್ಕೆ ಬಿಟ್ಟುಕೊಡಬೇಕು. ಇಪ್ಪತ್ತು ಗಜ ಸಾಕು. ಯಾವ ಗಿಡ ಯಾವ ತಾಯಿಯಿಂದ ಬಂದಿತು, ಯಾವ ದಿನ ನೆಟ್ಟದ್ದು, ಮೊದಲ ಹೂ ಎಂದು ಅರಳಿತು, ಯಾವ ಜೇನು ಅಥವಾ ದುಂಬಿ ಬಂದಿತು, ಯಾವ ಹಕ್ಕಿ ಹಣ್ಣು ತಿಂದಿತು ಎಂಬುದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ತರಗತಿ ಬದಲಾದಂತೆ ಪುಸ್ತಕ ಮುಂದಿನವರ ಕೈಗೆ ಹೋಗಬೇಕು. ಘಟ್ಟದ ರೂಬಸ್ ಪೊದೆಗಳಲ್ಲಿ ಯಾವುದರ ಹಣ್ಣು ದೊಡ್ಡದು, ಯಾವುದರದು ಸಿಹಿ, ಯಾವುದಕ್ಕೆ ಮುಳ್ಳು ಕಡಮೆ ಎಂದು ಹುಡುಕಿ ಆರಿಸುವ ಕೆಲಸ ಇನ್ನೂ ಬಹಳ ಉಳಿದಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಗಿಡ ಗುರುತಿಸಲು ತೊಡಕಾದರೆ ಒಂದು ಒಣಗಿಸಿದ ಕೊಂಬೆಯೊಡನೆ ಅಲ್ಲಿಯ ಅಧ್ಯಾಪಕರನ್ನು ಕಾಣಬಹುದು. ಗುಂಡಿ ತೋಡಲು ಏಪ್ರಿಲ್ ಸರಿಯಾದ ತಿಂಗಳು, ಪರೀಕ್ಷೆಗಳೂ ಅಷ್ಟರಲ್ಲಿ ಮುಗಿದಿರುತ್ತವೆ.